ತಡವರಿಸುತ್ತಲೇ ಮಾತನಾಡಿದ ಸುಲ್ತಾನ

ನಿಮ್ಮ ಮನೆಯಲ್ಲೇ ನೋಡಿ. ಮುಂಡರಗಿಯ ಮಗು ಅಮ್ಮಿಯೊಡನೆ ದಖ್ಖನಿ ಉರ್ದುವಿನಲ್ಲಿ ಮಾತನಾಡುತ್ತದೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿಯುತ್ತದೆ, ಮದ್ರಸಾದಲ್ಲಿ ಅರಬಿ ಓದುತ್ತದೆ. ಕಲಮ್ ಎನ್ನುವಲ್ಲಿ ದಖ್ಖನಿ ರೂಢಿಯಂತೆ ಖಲಮ್ ಎಂದರೆ ಯಾರೋ ನಗುತ್ತಾರೆ. ಮರುದಿನದಿಂದ ಅದು ಬಾಯಿಯನ್ನೇ ತೆರೆಯುವುದಿಲ್ಲ.

ಆ ಮಗುವಿಗೆ ಬಿಜಾಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹರ ಬಗ್ಗೆ ಹೇಳಿ. ಲಕ್ಷ್ಮೇಶ್ವರದ ಜಾಮಿಯಾ ಮಸೀದಿಯನ್ನು ನೀವು ಕಂಡಿರಬಹುದು. 1617ರಲ್ಲಿ ಅಂಕುಶ್ ಖಾನ್ ಅದನ್ನು ಕಟ್ಟಿಸಿದ್ದು ಈ ಸುಲ್ತಾನರ ಕಾಲದಲ್ಲಿ.

1580ರಲ್ಲಿ ಪಟ್ಟಕ್ಕೆ ಬಂದಾಗ ಅವರಿಗೆ ಸುಮಾರು ಒಂಬತ್ತು ವರ್ಷ. ಚಾಂದ್ ಬೀಬಿ ಅವರ ಪೋಷಕಿಯಾಗಿದ್ದರು. ಆಸ್ಥಾನದಲ್ಲಿ ಎರಡು ಬಣಗಳಿದ್ದವು: ಈ ನೆಲದ ದಖ್ಖನಿಗಳು, ಇರಾನ್ ಮೊದಲಾದ ಕಡೆಗಳಿಂದ ಬಂದ ಆಫಾಕಿಗಳು. ಫಾರ್ಸಿಯೇ ಅಲ್ಲಿ ಗೌರವದ ಭಾಷೆ. ಚರಿತ್ರೆಕಾರ ಫಿರಿಶ್ತಾ, ಕವಿ ಝುಹೂರಿ ಇಬ್ಬರೂ ಇರಾನಿನ ಮೂಲದವರು. ಇಂಥವರ ನಡುವೆ ಅರಸನೇ ತಪ್ಪು ನುಡಿದರೆ ಹೇಗಿದ್ದೀತು?

ಹಾಗೆಯೇ ಆಯಿತು. 1603-04ರ ಸುಮಾರಿಗೆ ಅಕ್ಬರರ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದರು. ಸುಲ್ತಾನರಿಗೆ ಫಾರ್ಸಿ ಚೆನ್ನಾಗಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಸರಾಗವಿಲ್ಲ, ತಮ್ಮವರೊಡನೆ ಮರಾಠಿಯಲ್ಲಿ ಮಾತನಾಡುತ್ತಾರೆ ಎಂದು ಅವರು ಗಮನಿಸಿದರು. ಇಬ್ರಾಹೀಮರು ದುಭಾಷಿಯನ್ನು ಮುಂದೆ ನಿಲ್ಲಿಸಿ ತಾವು ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಬಂದಷ್ಟು ಫಾರ್ಸಿಯಲ್ಲೇ ಅತಿಥಿಗೆ ಉತ್ತರಿಸಿದರು.

ಇನ್ನು, ನಗುವವರ ಉಚ್ಚಾರಣೆಯಾದರೂ ಎಂಥದು? ಅರಬಿಯ ಸೀನ್, ಸ್ವಾದ್, ಸೇ ಮೂರನ್ನೂ ಫಾರ್ಸಿಯವರು ಒಂದೇ ಸಕಾರವಾಗಿ ನುಡಿಯುತ್ತಾರೆ. ಇಂದಿನ ಇರಾನಿನಲ್ಲಿ ಕಾಫ್, ಗೈನ್‌ಗಳ ವ್ಯತ್ಯಾಸವನ್ನು ಅನೇಕರು ಪಾಲಿಸುವುದೇ ಇಲ್ಲ. ಕುರ್‌ಆನ್ ಪಾರಾಯಣದ ಮಾತು ಬೇರೆ, ಅಲ್ಲಿ ಪ್ರತಿ ಅಕ್ಷರವನ್ನೂ ಅದರ ಸ್ಥಾನದಿಂದಲೇ ಹೊರಡಿಸಲು ಶ್ರಮಿಸಬೇಕು. ಆದರೆ ಅಲ್ಲೂ ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಎರಡು ಪಟ್ಟು ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಶುಭವಾರ್ತೆ ನೀಡಿದ್ದಾರೆಂಬುದನ್ನು ನೀವು ಬಲ್ಲಿರಿ.

ಇಬ್ರಾಹೀಮರ ಅಜ್ಜ ಮೊದಲನೆಯ ಇಬ್ರಾಹೀಮರು ಲೆಕ್ಕಪತ್ರಗಳನ್ನು ಫಾರ್ಸಿಯಿಂದ ನಾಡಿನ ಭಾಷೆಗೆ ತಂದಿದ್ದರು. ಮೊಮ್ಮಗ ಗ್ರಂಥವನ್ನೇ ಬರೆದರು. ಕಿತಾಬೆ ನವ್‌ರಸ್ ಎಂಬ ಅದರಲ್ಲಿ 59 ಹಾಡುಗಳೂ 17 ದ್ವಿಪದಿಗಳೂ ಇವೆ. ಭಾಷೆ ದಖ್ಖನಿ, ಅಂದರೆ ನೀವು ಮನೆಯಲ್ಲಿ ಆಡುವ ಮಾತಿನ ಹಿರಿಯ ರೂಪ. ಸರಸ್ವತಿಯನ್ನು ಸ್ತುತಿಸುವ ಅದರ ಹಾಡುಗಳನ್ನು ನಮ್ಮ ನಂಬಿಕೆ ಒಪ್ಪುವುದಿಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಭಾಷೆಯ ವಿಷಯದಲ್ಲಿ ಮಾತ್ರ ಒಂದು ಸಂಗತಿ ಗಮನಿಸಿ: ಸೊಗಸಾದ ಫಾರ್ಸಿಯ ಒಡೆಯ ಝುಹೂರಿಯೇ ಆ ದಖ್ಖನಿ ಗ್ರಂಥಕ್ಕೆ ಫಾರ್ಸಿಯಲ್ಲಿ ಮುನ್ನುಡಿ ಬರೆದರು.

ಸುಲ್ತಾನರು 1627ರಲ್ಲಿ ತೀರಿಕೊಂಡರು. ಬಿಜಾಪುರಕ್ಕೆ ಹೋದರೆ ಮಕ್ಕಳನ್ನು ಇಬ್ರಾಹೀಮ್ ರೋಜಾಕ್ಕೆ ಕರೆದೊಯ್ಯಿರಿ. ಸಮಾಧಿಯ ಗೋಡೆಗಳಲ್ಲಿ ಕೆತ್ತಿದ ಅರಬಿ ಅಕ್ಷರಗಳನ್ನು ಅವರೇ ಗಟ್ಟಿಯಾಗಿ ಓದಲಿ, ನೀವು ಪಕ್ಕದಲ್ಲಿ ನಿಂತು ಕೇಳಿ.