ಮೀಸೆಯ ತಾಯಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶದ ಪ್ರಾಥಮಿಕ ಶಾಲೆಗಳ ಸ್ಥಿತಿ ಶೋಚನೀಯವಾಗಿತ್ತು. ಉಪಾಧ್ಯಾಯರ ಕೈಯಲ್ಲಿ ಬೆತ್ತ, ಮಕ್ಕಳ ಬಾಯಲ್ಲಿ ಅರ್ಥವಾಗದ ಕಂಠಪಾಠ, ಇವೆರಡೇ ಅಂದಿನ ಅನೇಕ ಶಾಲೆಗಳ ಗುರುತುಗಳಾಗಿದ್ದುವು. ಹಾಡು, ಕಥೆ, ಚಿತ್ರ, ನಾಟಕಗಳು ಕೇವಲ ಕಾಲಹರಣದ ಸಂಗತಿಗಳೆಂದು ಹೆಚ್ಚಿನವರು ಭಾವಿಸಿದ್ದರು. ಆದರೆ ಈ ಕಲೆಗಳೇ ಶಿಶುಶಿಕ್ಷಣದ ಜೀವಾಳವೆಂದು ನಂಬಿ, ಅವುಗಳನ್ನು ಕಲಿಸಬಲ್ಲ ಉಪಾಧ್ಯಾಯರನ್ನು ಸಿದ್ಧಗೊಳಿಸುವುದಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟವರೊಬ್ಬರು ಗುಜರಾತಿನಲ್ಲಿದ್ದರು. ಅವರೇ ಗಿಜುಭಾಯಿ ಬಧೇಕಾ.

ಗಿಜುಭಾಯಿಯವರ ಪೂರ್ಣ ಹೆಸರು ಗಿರಿಜಾಶಂಕರ ಭಗವಾನ್‌ಜೀ ಬಧೇಕಾ. ಅವರು 1885ನೆಯ ನವೆಂಬರ್ 15ರಂದು ಸೌರಾಷ್ಟ್ರದ ಚಿತ್ತಲ್ ಎಂಬ ಊರಿನಲ್ಲಿ ಜನಿಸಿದರು. 1907ರಲ್ಲಿ ಜೀವನೋಪಾಯವನ್ನು ಅರಸಿ ಪೂರ್ವ ಆಫ್ರಿಕಕ್ಕೆ ತೆರಳಿದರು. ಎರಡು ವರ್ಷಗಳ ಅನಂತರ ಸ್ವದೇಶಕ್ಕೆ ಹಿಂತಿರುಗಿ, ಮುಂಬಯಿಯಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿ, ವಢವಾಣದಲ್ಲಿ ವಕೀಲರಾಗಿ ನೆಲೆಸಿದರು. ಅವರ ಮುಂದಿನ ದಾರಿ ನಿಶ್ಚಿತವಾಗಿದೆಯೆಂದೇ ತೋರುತ್ತಿತ್ತು.

ಆದರೆ 1913ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಈ ಮಗುವನ್ನು ಎಂತಹ ಶಾಲೆಗೆ ಕಳುಹಿಸುವುದು ಎಂಬ ಚಿಂತೆ ತಂದೆಯ ಮನಸ್ಸನ್ನು ಕಾಡತೊಡಗಿತು. ತಾವು ಬಾಲ್ಯದಲ್ಲಿ ಕಂಡಿದ್ದ ಶಾಲೆಯ ಭಯ ತಮ್ಮ ಮಗುವಿಗೂ ತಟ್ಟುವುದು ಅವರಿಗೆ ಬೇಕಿರಲಿಲ್ಲ. ಆಗ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿಯವರ ವಿಚಾರಗಳು ಅವರ ಗಮನಕ್ಕೆ ಬಂದುವು. ಮಗುವಿಗೂ ಸ್ವಂತ ವ್ಯಕ್ತಿತ್ವವಿದೆ, ಸ್ವಾತಂತ್ರ್ಯ ದೊರೆತರೆ ಅದು ತಾನಾಗಿಯೇ ಕಲಿಯುತ್ತದೆ ಎಂಬ ತತ್ತ್ವ ಅವರ ಮನಸ್ಸನ್ನು ಸೆರೆಹಿಡಿಯಿತು. ಒಬ್ಬ ಮಗನಿಗಾಗಿ ಆರಂಭವಾದ ಚಿಂತೆ ನಾಡಿನ ಮಕ್ಕಳೆಲ್ಲರ ಚಿಂತೆಯಾಗಿ ಬೆಳೆಯಿತು.

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ಸ್ಥಾಪಿಸಿದ್ದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಗಿಜುಭಾಯಿ 1916ರಲ್ಲಿ ಸೇರಿದರು. ವಕೀಲಿ ವೃತ್ತಿಯನ್ನೂ ಅದರ ಸಂಪಾದನೆಯನ್ನೂ ತೊರೆದರು. ಮೊದಲು ಅವರಿಗೆ ದೊರೆತದ್ದು ದೊಡ್ಡ ಮಕ್ಕಳ ಶಾಲೆಯ ಹೊಣೆ. ಅಲ್ಲಿ ಅವರಿಗೊಂದು ಸತ್ಯ ಗೋಚರವಾಯಿತು: ಪ್ರೌಢಶಾಲೆಗೆ ಬರುವ ಹೊತ್ತಿಗೆ ಮಕ್ಕಳ ಸ್ವಭಾವ ಬಹುಮಟ್ಟಿಗೆ ರೂಪುಗೊಂಡಿರುತ್ತದೆ, ಸುಧಾರಣೆ ಬೇರಿನಿಂದಲೇ ಆಗಬೇಕು. ಅದರ ಫಲವಾಗಿ 1920ರಲ್ಲಿ ಬಾಲಮಂದಿರ ಪ್ರಾರಂಭವಾಯಿತು.

ಬಾಲಮಂದಿರದಲ್ಲಿ ಬೆತ್ತವಿರಲಿಲ್ಲ, ಬೈಗುಳವಿರಲಿಲ್ಲ. ಗಿಜುಭಾಯಿ ಮಾಂಟೆಸ್ಸೊರಿಯವರ ಪದ್ಧತಿಯನ್ನು ಗೌರವದಿಂದ ಸ್ವೀಕರಿಸಿದರೂ ಅದನ್ನು ಕುರುಡಾಗಿ ಅನುಸರಿಸಲಿಲ್ಲ. ಎಳೆಯ ಮಕ್ಕಳಿಗೆ ಅದ್ಭುತ ಕಥೆಗಳನ್ನು ಹೇಳುವುದು ಮಾಂಟೆಸ್ಸೊರಿಯವರಿಗೆ ಒಪ್ಪಿಗೆಯಾಗಿರಲಿಲ್ಲ. ಗಿಜುಭಾಯಿಯವರಾದರೋ ಅಜ್ಜಿಯರ ಬಾಯಲ್ಲಿ ಉಳಿದುಬಂದಿದ್ದ ಸೌರಾಷ್ಟ್ರದ ಕಥೆಗಳನ್ನು ಸಂಗ್ರಹಿಸಿ, ಮಕ್ಕಳ ನಾಲಗೆಗೆ ಹೊಂದುವ ಸರಳ ಗುಜರಾತಿಯಲ್ಲಿ ಬರೆದರು. ಹಾಡು, ಅಭಿನಯ, ಚಿತ್ರಲೇಖನ, ಕೈಕೆಲಸಗಳಿಗೆ ದಿನಚರಿಯಲ್ಲಿ ಮಾನ್ಯಸ್ಥಾನ ದೊರೆಯಿತು. ಹುರಿಮೀಸೆಯ ಈ ಗಂಭೀರ ವ್ಯಕ್ತಿ ಮಕ್ಕಳ ನಡುವೆ ಕುಳಿತು ತಾಯಿಯಂತೆ ಅಕ್ಕರೆ ತೋರುತ್ತಿದ್ದುದನ್ನು ಕಂಡು ಜನರು ಅವರನ್ನು ಮೀಸೆಯ ತಾಯಿ ಎಂದು ಪ್ರೀತಿಯಿಂದ ಕರೆದರು.

ಆದರೆ ಒಬ್ಬ ಗಿಜುಭಾಯಿ ಎಷ್ಟು ಮಕ್ಕಳಿಗೆ ಕಥೆ ಹೇಳಬಲ್ಲರು? ಅವರಿಗಿದ್ದ ಪ್ರತಿಭೆ ಅವರೊಂದಿಗೇ ಮುಗಿದುಹೋದರೆ ಫಲವೇನು? ಈ ಪ್ರಶ್ನೆಗೆ ಉತ್ತರವಾಗಿ 1925ರಲ್ಲಿ ಭಾವನಗರದಲ್ಲಿ ಅಧ್ಯಾಪನ ಮಂದಿರ ಜನ್ಮತಾಳಿತು. ಅದು ಶಿಶುಶಿಕ್ಷಕರಿಗಾಗಿಯೇ ಮೀಸಲಾದ ತರಬೇತಿ ಶಾಲೆ. ರಾಜಕೋಟೆಯಲ್ಲಿ ಉಪಾಧ್ಯಾಯಿನಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ತಾರಾಬಾಯಿ ಮೋಡಕರು ಆ ಹುದ್ದೆಯನ್ನು ಬಿಟ್ಟುಬಂದು ಗಿಜುಭಾಯಿಯವರ ಸಹೋದ್ಯೋಗಿಯಾದರು.

ಈ ಕಾರ್ಯ ಸುಲಭವಾಗಿರಲಿಲ್ಲ. ತರಬೇತಿಗೆ ಬರುವವರು ಸ್ವತಃ ಬೆತ್ತದ ಶಾಲೆಗಳಲ್ಲಿಯೇ ಬೆಳೆದವರು. ಬಾಲ್ಯದಲ್ಲಿ ಯಾರೂ ಹಾಡಲು ಬಿಡದಿದ್ದವರು ಮಕ್ಕಳೊಡನೆ ಹಾಡುವುದು ಹೇಗೆ? ಕರಿಹಲಗೆಯ ಮೇಲಿನ ಚಿತ್ರವನ್ನು ನಕಲು ಮಾಡುವುದನ್ನಷ್ಟೇ ಬಲ್ಲವರು ಮಗುವಿನ ಸ್ವಂತ ಚಿತ್ರವನ್ನು ಮೆಚ್ಚುವುದು ಹೇಗೆ? ಆದುದರಿಂದ ಉಪಾಧ್ಯಾಯರು ಕಲಿಯುವುದಕ್ಕಿಂತ ಮೊದಲು ಮರೆಯಬೇಕಾದುದು ಬಹಳವಿತ್ತು. ಬಾಲಮಂದಿರವೇ ಅವರ ನಿಜವಾದ ಪಾಠಶಾಲೆ. ಅಲ್ಲಿ ಅವರು ಮಕ್ಕಳನ್ನು ಮೌನವಾಗಿ ಅವಲೋಕಿಸಬೇಕಾಗಿತ್ತು. ಮಗು ಏನನ್ನು ಆರಿಸಿಕೊಳ್ಳುತ್ತದೆ, ಎಲ್ಲಿ ತನ್ಮಯವಾಗುತ್ತದೆ, ಯಾವಾಗ ಬೇಸರಪಡುತ್ತದೆ ಎಂಬುದನ್ನು ಅರಿತ ಬಳಿಕವೇ ಬೋಧನೆ.

ಕಥೆ ಹೇಳುವುದು ಹುಟ್ಟಿನಿಂದ ಬರುವ ವರವಷ್ಟೇ ಅಲ್ಲ, ಅಭ್ಯಾಸದಿಂದ ಸಿದ್ಧಿಸುವ ಕಲೆಯೂ ಹೌದು ಎಂಬುದು ಗಿಜುಭಾಯಿಯವರ ನಿಲುವಾಗಿತ್ತು. ಇದಕ್ಕಾಗಿಯೇ ಅವರು ಕಥನಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದರು. ಯಾವ ವಯಸ್ಸಿಗೆ ಯಾವ ಕಥೆ ಒಪ್ಪುತ್ತದೆ, ದನಿಯಲ್ಲಿಯೂ ಮುಖಭಾವದಲ್ಲಿಯೂ ಅದನ್ನು ಹೇಗೆ ಮೂಡಿಸಬೇಕು ಎಂಬುದನ್ನು ಅದರಲ್ಲಿ ವಿವರಿಸಿದರು. ಕಥೆಯ ಮೊದಲ ಗುರಿ ಆನಂದ. ಕೊನೆಯಲ್ಲಿ ನೀತಿಯನ್ನು ಒತ್ತಾಯದಿಂದ ಅಂಟಿಸಿದರೆ ಕಥೆಯೂ ಕೆಡುತ್ತದೆ, ನೀತಿಯೂ ನಿಲ್ಲುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

ಇಂತಹ ಬೋಧನೆ ಸಾಮಾನ್ಯ ಶಾಲೆಯಲ್ಲಿ ಸಾಧ್ಯವೇ ಎಂದು ಸಂದೇಹಪಡುವವರಿಗೆ ಅವರು ದಿವಾಸ್ವಪ್ನ ಎಂಬ ಕೃತಿಯ ಮೂಲಕ ಉತ್ತರವಿತ್ತರು. ಅದರ ನಾಯಕ ಲಕ್ಷ್ಮೀಶಂಕರನೆಂಬ ಉಪಾಧ್ಯಾಯ. ಸರ್ಕಾರಿ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಒಂದು ವರ್ಷ ಪ್ರಯೋಗ ನಡೆಸಲು ಅವನು ಅನುಮತಿ ಪಡೆಯುತ್ತಾನೆ. ಮೊದಲ ದಿನ ಮಕ್ಕಳಿಗೆ ಮೌನದ ಆಟವನ್ನು ಕಲಿಸಹೋಗಿ ಸಂಪೂರ್ಣವಾಗಿ ಸೋಲುತ್ತಾನೆ. ತರಗತಿ ಗದ್ದಲದಲ್ಲಿ ಮುಳುಗುತ್ತದೆ. ಮರುದಿನ ಅವನು ಕಥೆಯನ್ನು ಆರಂಭಿಸುತ್ತಾನೆ. ಅದೇ ಮಕ್ಕಳು ತಾವಾಗಿಯೇ ಸ್ತಬ್ಧರಾಗಿ ಕುಳಿತುಕೊಳ್ಳುತ್ತಾರೆ. ಸಹೋದ್ಯೋಗಿಗಳು ಅವನನ್ನು ನಂಬುವುದಿಲ್ಲ. ಆದರೂ ಕಥೆಯಿಂದ ಓದು, ಓದಿನಿಂದ ಅಭಿನಯ, ಹೀಗೆ ಅವನ ತರಗತಿ ಅರಳುತ್ತ ಹೋಗುತ್ತದೆ. ಉಪಾಧ್ಯಾಯನ ಸೋಲಿನಿಂದಲೇ ಪ್ರಯೋಗದ ವೃತ್ತಾಂತವನ್ನು ಆರಂಭಿಸಿದುದು ಗಿಜುಭಾಯಿಯವರ ಪ್ರಾಮಾಣಿಕತೆಗೆ ಸಾಕ್ಷಿ. ಈ ಕೃತಿ ಕನ್ನಡವೂ ಸೇರಿದಂತೆ ಭಾರತದ ಅನೇಕ ಭಾಷೆಗಳಿಗೆ ಅನುವಾದಗೊಂಡಿದೆ.

1936ರಲ್ಲಿ ಗಿಜುಭಾಯಿ ದಕ್ಷಿಣಾಮೂರ್ತಿ ಸಂಸ್ಥೆಯಿಂದ ಹೊರಬಂದರು. ಇಪ್ಪತ್ತು ವರ್ಷಗಳ ದುಡಿಮೆಯಿಂದ ದೇಹ ಬಳಲಿತ್ತು. ಆದರೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ರಾಜಕೋಟೆಯಲ್ಲಿ ಮತ್ತೊಂದು ಅಧ್ಯಾಪನ ಮಂದಿರವನ್ನು ಕಟ್ಟತೊಡಗಿದರು. ಜೀವಿತದ ಕೊನೆಯ ಶಕ್ತಿಯನ್ನೂ ಅವರು ಉಪಾಧ್ಯಾಯರ ಸಿದ್ಧತೆಗೇ ವಿನಿಯೋಗಿಸಿದುದು ಗಮನಾರ್ಹ. 1939ನೆಯ ಜೂನ್ 23ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು.

ಗಿಜುಭಾಯಿ ಇಲ್ಲವಾದರೂ ಅವರು ಹಚ್ಚಿದ ದೀಪ ಆರಲಿಲ್ಲ. ಅವರಿಂದ ಶಿಕ್ಷಣ ಪಡೆದವರು ಊರೂರುಗಳಲ್ಲಿ ಬಾಲಮಂದಿರಗಳನ್ನು ತೆರೆದರು. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡಮಕ್ಕಳ ಮನೆಯಂಗಳಕ್ಕೇ ಶಿಶುಶಾಲೆಯನ್ನು ಕೊಂಡೊಯ್ದರು. ಇಂದು ನಮ್ಮ ಹಳ್ಳಿಗಳಲ್ಲಿ ಕಾಣುವ ಅಂಗನವಾಡಿಗಳ ಮೂಲದಲ್ಲಿ ಈ ಪ್ರಯತ್ನವೂ ಸೇರಿದೆ.

ದೀಪದಿಂದ ದೀಪ ಹೊತ್ತಿಕೊಳ್ಳಬೇಕಾದರೆ ಮೊದಲ ದೀಪ ಉರಿಯುತ್ತಿರಬೇಕು. ಹಾಡಿನ ಆನಂದವನ್ನು ತಾನು ಅನುಭವಿಸದ ಗುರು ಶಿಷ್ಯನಿಗೆ ಅದನ್ನು ನೀಡಲಾರ. ಈ ಸರಳ ಸತ್ಯವನ್ನು ಕಂಡುಕೊಂಡು, ಅದಕ್ಕಾಗಿ ಸುಖಜೀವನವನ್ನು ತೊರೆದ ಗಿಜುಭಾಯಿ ಭಾರತದ ಶಿಕ್ಷಣ ಚರಿತ್ರೆಯಲ್ಲಿ ಚಿರಸ್ಮರಣೀಯರಾಗಿದ್ದಾರೆ.