ತಲ್ಹಾರ ಕುದುರೆಗೆ ನೀರುಣಿಸಿದ ಸಲಮಾ(ರ)

ಹಿಜ್‌ರಾ ಮಾಡಿ ಮದೀನಾಕ್ಕೆ ಬಂದವರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಂಥವರೂ ಇದ್ದರು. ಅವರು ಯಾರ ಸಹಾಯವನ್ನೂ ಪಡೆಯದೆ ಪೇಟೆಯ ದಾರಿ ಕೇಳಿಕೊಂಡು ಹೋಗಿ ಕೆಲವೇ ದಿನಗಳಲ್ಲಿ ತಮ್ಮ ಜೀವನಕ್ಕೆ ದಾರಿ ಮಾಡಿಕೊಂಡರು. ಅವರ ಕಥೆಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಆದರೆ ಎಲ್ಲರಿಗೂ ವ್ಯಾಪಾರದ ಕೈಗುಣ ಇರುವುದಿಲ್ಲ. ಮನೆ, ಮಡದಿ ಮಕ್ಕಳು, ಜಾನುವಾರು ಎಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ಬಂದು, ಇನ್ನೊಬ್ಬರ ಮನೆಯ ಕೆಲಸ ಮಾಡಿ ಅವರ ಅನ್ನ ಉಂಡು ದಿನ ಕಳೆದ ಸಹಾಬಿಗಳೂ ಇದ್ದಾರೆ. ಅವರಲ್ಲೊಬ್ಬರು ಸಲಮಾ ಇಬ್ನುಲ್ ಅಕ್‌ವಅ್(ರ).

ಅವರು ಅಸ್ಲಮ್ ಗೋತ್ರದವರು. ತಂದೆಯ ಹೆಸರು ಅಮ್ರ್. ಅಕ್‌ವಅ್ ಎಂಬುದು ಅಜ್ಜನ ಹೆಸರಾಗಿದ್ದರೂ ಚರಿತ್ರೆ ಅವರನ್ನು ಆ ಹೆಸರಿನಿಂದಲೇ ಗುರುತಿಸುತ್ತದೆ. ಮದೀನಾದಲ್ಲಿ ಅವರು ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲೊಬ್ಬರಾದ ತಲ್ಹಾ ಬಿನ್ ಉಬೈದುಲ್ಲಾಹ್(ರ)ರ ಆಶ್ರಯದಲ್ಲಿದ್ದರು. ಕೆಲಸವೇನೆಂದರೆ ತಲ್ಹಾರ ಕುದುರೆಗೆ ನೀರು ಕುಡಿಸುವುದು, ಅದರ ಬೆನ್ನು ತಿಕ್ಕಿ ಧೂಳು ತೆಗೆಯುವುದು, ಮೇಯಲು ಹೊಡೆದುಕೊಂಡು ಹೋಗುವುದು, ಮನೆಯ ಇತರ ಸೇವೆ ಮಾಡುವುದು. ಪ್ರತಿಯಾಗಿ ಸಿಗುತ್ತಿದ್ದುದು ತಲ್ಹಾರ ಮನೆಯ ಊಟ. ಇದನ್ನು ನಮಗೆ ತಿಳಿಸಿದವರು ಬೇರೆ ಯಾರೂ ಅಲ್ಲ, ಸ್ವತಃ ಸಲಮಾ ಅವರೇ. ಮುಂದೆ ಮಗ ಇಯಾಸ್‌ರಿಗೆ ತನ್ನ ಯೌವನದ ಸಾಹಸಗಳನ್ನು ಹೇಳುವಾಗ ಅದರ ನಡುವೆಯೇ, ಮರೆಮಾಚದೆ, ತಾನು ಒಬ್ಬರ ಕುದುರೆ ನೋಡಿಕೊಳ್ಳುವ ಆಳಾಗಿದ್ದೆನೆಂಬುದನ್ನೂ ಹೇಳಿದರು. ಸಹೀಹ್ ಮುಸ್ಲಿಮ್‌ನಲ್ಲಿ ಆ ದೀರ್ಘ ಹದೀಸ್ ಇಂದಿಗೂ ಇದೆ. ತನ್ನ ಬಡತನದ ದಿನಗಳನ್ನು ಮಕ್ಕಳಿಂದ ಮುಚ್ಚಿಡುವ ತಂದೆಯಂದಿರು ನಮ್ಮಲ್ಲಿ ಎಷ್ಟೋ ಮಂದಿ!

ಇಂಥ ಕೂಲಿ ಅಂದು ಅಪರೂಪವೇನೂ ಆಗಿರಲಿಲ್ಲ. ಹಝ್ರತ್ ಅಬೂಹುರೈರಾ(ರ) ಗಝ್ವಾನರ ಮಗಳ ಬಳಿ ದುಡಿದದ್ದು ಹೊಟ್ಟೆಯ ಊಟಕ್ಕೆ ಮತ್ತು ಪ್ರಯಾಣದಲ್ಲಿ ತನ್ನ ಸರದಿ ಬಂದಾಗ ಸವಾರಿಗೆ ಸಿಗುವ ಅವಕಾಶಕ್ಕೆ. ಮನೆಯವರು ಇಳಿದಾಗ ಸೌದೆ ತರಬೇಕು, ಏರಿದಾಗ ಪ್ರಾಣಿಗಳನ್ನು ಹಾಡಿ ನಡೆಸಬೇಕು. ಇಮಾಮ್ ಇಬ್ನು ಮಾಜಃ ಈ ವರದಿಯನ್ನು ಊಟವನ್ನೇ ಕೂಲಿಯಾಗಿ ಗೊತ್ತುಪಡಿಸುವ ಅಧ್ಯಾಯದಲ್ಲಿ ತಂದಿದ್ದಾರೆ. ಇನ್ನೊಬ್ಬರ ಪ್ರಾಣಿಯ ಸೇವೆ ಮಾಡಿ ಅದರ ಬೆನ್ನ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳುವ ಹಕ್ಕು ಗಳಿಸಿದ ಆ ಅನಾಥ ಯುವಕ ಮುಂದೆ ಸಮುದಾಯದ ಇಮಾಮರಾದರು, ಅದೇ ಗಝ್ವಾನರ ಮಗಳು ಅವರ ಪತ್ನಿಯಾದರು. ಆದರೆ ಇಲ್ಲಿ ನಾವು ಹೇಳಹೊರಟಿರುವುದು ಸಲಮಾರ ವಿಚಾರ.

ಹಿಜ್‌ರಾ 6ನೇ ವರ್ಷ (ಕ್ರಿ.ಶ. 628) ಪ್ರವಾದಿವರ್ಯರು(ಸ) ಉಮ್ರಾಕ್ಕಾಗಿ ಹೊರಟು ಹುದೈಬಿಯಾದಲ್ಲಿ ತಂಗಿದಾಗ ಜೊತೆಯಲ್ಲಿದ್ದ ಸುಮಾರು 1400 ಮಂದಿಯಲ್ಲಿ ಸಲಮಾ ಕೂಡಾ ಇದ್ದರು. ಮರದಡಿಯಲ್ಲಿ ಬೈಅತ್ ನಡೆಯಿತು. ಸಲಮಾ ಮೊದಲಿಗರ ಸಾಲಿನಲ್ಲಿಯೇ ಬೈಅತ್ ಮಾಡಿದರು. ಅರ್ಧ ಮಂದಿಯಾದಾಗ ಪ್ರವಾದಿವರ್ಯರು ಅವರನ್ನು ಮತ್ತೆ ಕರೆದರು. ಕೈಯಲ್ಲಿ ಆಯುಧವಿಲ್ಲದ್ದನ್ನು ಕಂಡು ಒಂದು ಗುರಾಣಿಯನ್ನೂ ಕೊಟ್ಟರು. ಕೊನೆಯಲ್ಲಿ ಮೂರನೆಯ ಬಾರಿಯೂ ಕರೆದರು. ಆಗ ನೋಡಿದರೆ ಗುರಾಣಿ ಸಲಮಾರ ಬಳಿ ಇಲ್ಲ! ಚಿಕ್ಕಪ್ಪ ಆಮಿರ್ ಬರಿಗೈಯಲ್ಲಿ ಎದುರಾದರೆಂದು ಅವರಿಗೆ ಕೊಟ್ಟುಬಿಟ್ಟಿದ್ದರು. ಪ್ರವಾದಿವರ್ಯರಿಗೆ ನಗು ಬಂತು. ತನಗಿಂತಲೂ ಪ್ರಿಯನಾದ ಒಬ್ಬ ಗೆಳೆಯನನ್ನು ಕೊಡೆಂದು ಅಲ್ಲಾಹನಲ್ಲಿ ಬೇಡಿದ ಹಿಂದಿನವನೊಬ್ಬನಿಗೆ ಅವರನ್ನು ಹೋಲಿಸಿದರು.

ಒಪ್ಪಂದವಾದ ಬಳಿಕ ಮದೀನಾಕ್ಕೆ ಮರಳಿದರು. ನಂತರದ ಘಟನೆಯೇ ಸಲಮಾರ ಹೆಸರನ್ನು ಶಾಶ್ವತಗೊಳಿಸಿತು. ಇತಿಹಾಸಕಾರರಲ್ಲಿ ಕೆಲವರು ಇದನ್ನು ಹುದೈಬಿಯಾಕ್ಕಿಂತ ಮುಂಚಿನದೆಂದು ಹೇಳಿದರೂ ಬುಖಾರಿ ಮತ್ತು ಮುಸ್ಲಿಮ್‌ರ ಪ್ರಕಾರ ಇದು ಖೈಬರ್‌ಗಿಂತ ಮೂರು ದಿನ ಮೊದಲು ನಡೆಯಿತು. ಪ್ರವಾದಿವರ್ಯರು(ಸ) ತಮ್ಮ ಒಂಟೆಗಳನ್ನು ಸೇವಕ ರಬಾಹ್(ರ)ರ ಜೊತೆ ಮೇವಿಗೆ ಕಳುಹಿಸಿದ್ದರು. ತಲ್ಹಾರ ಕುದುರೆಯನ್ನು ಮೇಯಿಸಲು ಸಲಮಾ ಕೂಡಾ ಅವರ ಜೊತೆ ಹೊರಟಿದ್ದರು. ಬೆಳಗಾಗುವಷ್ಟರಲ್ಲಿ ಫಝಾರಾ ಗೋತ್ರದ ಅಬ್ದುರ್ರಹ್ಮಾನ್ ಎಂಬವನು ದಾಳಿಯಿಟ್ಟು ಕಾವಲುಗಾರನನ್ನು ಕೊಂದು ಒಂಟೆಗಳನ್ನೆಲ್ಲ ಅಟ್ಟಿಕೊಂಡು ಹೋದನು.

ಆಗ ಆ ಬಯಲಿನಲ್ಲಿ ಸಲಮಾರ ಕೈಯಲ್ಲಿದ್ದುದು ಒಂದೇ ಒಂದು ಕುದುರೆ. ಎದುರಿಗಿದ್ದವರು ಸವಾರರು. ಬೇರೆ ಯಾರಾದರೂ ಆಗಿದ್ದರೆ ಕುದುರೆ ಏರಿ ಬೆನ್ನಟ್ಟುತ್ತಿದ್ದರು, ಇಲ್ಲವೇ ಅದೇ ಕುದುರೆಯಲ್ಲಿ ಸುರಕ್ಷಿತವಾಗಿ ಊರು ಸೇರುತ್ತಿದ್ದರು. ಸಲಮಾ ಎರಡನ್ನೂ ಮಾಡಲಿಲ್ಲ. ಕುದುರೆಯನ್ನು ರಬಾಹ್‌ರಿಗೊಪ್ಪಿಸಿ, ಇದನ್ನು ತಲ್ಹಾರಿಗೆ ತಲುಪಿಸಿ, ದರೋಡೆಯ ಸುದ್ದಿಯನ್ನು ಪ್ರವಾದಿವರ್ಯರಿಗೆ ಮುಟ್ಟಿಸಿ ಎಂದು ಹೇಳಿ ಕಳುಹಿಸಿದರು. ತಾವು ಬರಿಗಾಲಾಳಾಗಿ ಉಳಿದರು. ಸುದ್ದಿ ಬೇಗ ಮುಟ್ಟಬೇಕಾಗಿತ್ತು, ಅದು ನಿಜ. ಆದರೆ ರಬಾಹ್‌ರಿಗೆ ಅವರು ಹೇಳಿದ್ದರಲ್ಲಿ ಮೊದಲನೆಯದು ಕುದುರೆಯನ್ನು ಅದರ ಯಜಮಾನನಿಗೆ ತಲುಪಿಸುವ ಮಾತು ಎಂಬುದನ್ನು ನಾವು ಗಮನಿಸಬೇಕು. ಕುದುರೆ ತನ್ನದಲ್ಲ, ಅದು ತನ್ನ ಕೈಯಲ್ಲಿರುವ ಅಮಾನತ್ತು. ಬಾಣಗಳ ನಡುವೆ ಅದನ್ನು ನುಗ್ಗಿಸಲು ತಲ್ಹಾರ ಅನುಮತಿಯಿರಲಿಲ್ಲ. ಹಾಗೆ ಯೋಚಿಸಿಯೇ ಅವರು ಕಳುಹಿಸಿದರೆಂದು ನನಗೆ ತೋರುತ್ತದೆ.

ನಂತರ ಅವರು ಒಂದು ದಿಬ್ಬ ಏರಿ ಮದೀನಾದ ಕಡೆಗೆ ಮುಖ ಮಾಡಿ ಮೂರು ಸಲ ಅಪಾಯದ ಕೂಗು ಹಾಕಿದರು. ಅಲ್ಲಿಂದ ಓಟ ಶುರುವಾಯಿತು. ಒಬ್ಬ ಸವಾರ ತಿರುಗಿ ಬಂದರೆ ಮರದ ಬುಡದಲ್ಲಿ ಕುಳಿತು ಬಾಣ ಬಿಡುವರು, ಕುದುರೆಗೆ ಗಾಯವಾಗುವುದು. ಗುಂಪು ಇಕ್ಕಟ್ಟಾದ ಕಣಿವೆ ಹೊಕ್ಕರೆ ಮೇಲಿನಿಂದ ಕಲ್ಲು ಉರುಳಿಸುವರು. ಒಂದೊಂದೇ ಒಂಟೆ ಹಿಂದುಳಿಯುತ್ತಾ ಬಂತು. ಕೊನೆಗೆ ಪ್ರವಾದಿವರ್ಯರ ಒಂಟೆಗಳಲ್ಲಿ ಒಂದೂ ದರೋಡೆಕೋರರ ಕೈಯಲ್ಲುಳಿಯಲಿಲ್ಲ. ಅಷ್ಟಕ್ಕೂ ಅವರು ಬಿಡಲಿಲ್ಲ. ಓಡುವವರು ಭಾರ ಕಡಿಮೆ ಮಾಡಲು 30ಕ್ಕಿಂತ ಹೆಚ್ಚು ಹೊದಿಕೆಗಳನ್ನೂ 30 ಈಟಿಗಳನ್ನೂ ಎಸೆದು ಹೋದರು. ಹಿಂದೆ ಬರುವ ಸಹಾಬಿಗಳಿಗೆ ಗುರುತು ಸಿಗಲೆಂದು ಸಲಮಾ ಪ್ರತಿಯೊಂದರ ಮೇಲೂ ಕಲ್ಲಿಟ್ಟು ಮುಂದೆ ಸಾಗಿದರು. ಸಿಕ್ಕಿದ್ದನ್ನು ತನ್ನದೆಂದು ಕಟ್ಟಿಕೊಳ್ಳುವ ಯೋಚನೆಯೇ ಅವರಿಗೆ ಬರಲಿಲ್ಲ.

ಅಷ್ಟರಲ್ಲಿ ಮರಗಳ ನಡುವಿನಿಂದ ಪ್ರವಾದಿವರ್ಯರ ಸವಾರರು ಬರುವುದು ಕಾಣಿಸಿತು. ಮುಂದೆ ಅಖ್ರಮ್(ರ), ಹಿಂದೆ ಅಬೂಕತಾದಾ(ರ), ಅವರ ಹಿಂದೆ ಮಿಕ್ದಾದ್(ರ). ಸಲಮಾ ಅಖ್ರಮರ ಲಗಾಮು ಹಿಡಿದು, ಉಳಿದವರು ಬಂದು ಸೇರುವ ತನಕ ನಿಲ್ಲಬೇಕೆಂದು ಕೇಳಿಕೊಂಡರು. ಅಖ್ರಮ್ ತನಗೂ ಹುತಾತ್ಮತೆಗೂ ನಡುವೆ ಅಡ್ಡ ನಿಲ್ಲಬಾರದೆಂದು ಹೇಳಿದಾಗ ಲಗಾಮು ಬಿಟ್ಟರು. ಅಖ್ರಮ್ ಅಬ್ದುರ್ರಹ್ಮಾನನೊಡನೆ ಕಾದಾಡಿ ಹುತಾತ್ಮರಾದರು. ಅಬೂಕತಾದಾ ಅವನನ್ನು ಕೊಂದರು. ಸಲಮಾ ಮತ್ತೆ ಓಡಿದರು. ಹಿಂದಿರುಗಿ ನೋಡಿದರೆ ತನ್ನವರ ಕುದುರೆಗಳ ಧೂಳು ಕೂಡಾ ಕಾಣದಷ್ಟು ದೂರ. ಸೂರ್ಯಾಸ್ತಕ್ಕೆ ಮುನ್ನ ಬಾಯಾರಿದ ದರೋಡೆಕೋರರು ದೂಕರದ್ ಎಂಬ ನೀರಿನ ತಾಣದತ್ತ ತಿರುಗಿದರು. ಸಲಮಾ ಅವರಿಗೆ ಒಂದು ಹನಿಯನ್ನೂ ಕುಡಿಯಗೊಡಲಿಲ್ಲ. ಅವರು ಬಿಟ್ಟುಹೋದ ಎರಡು ಕುದುರೆಗಳನ್ನು ಹೊಡೆದುಕೊಂಡು ಬಂದರು.

ದಾರಿಯಲ್ಲಿ ಚಿಕ್ಕಪ್ಪ ಆಮಿರ್ ಹಾಲು ಮತ್ತು ನೀರಿನೊಂದಿಗೆ ಎದುರಾದರು. ವುಝೂ ಮಾಡಿ, ಕುಡಿದು ಬಂದು ನೋಡಿದರೆ ಪ್ರವಾದಿವರ್ಯರು ಅದೇ ನೀರಿನ ಬಳಿ ಬೀಡುಬಿಟ್ಟಿದ್ದಾರೆ. ಬಿಲಾಲ್(ರ) ಒಂದು ಒಂಟೆ ಕೊಯ್ದು ಅದರ ಪಿತ್ತಕೋಶವಲ್ಲ, ಪಿತ್ತಜನಕಾಂಗ ಅಂದರೆ ಈಲಿಯನ್ನೂ ಡುಬ್ಬವನ್ನೂ ಕೆಂಡದಲ್ಲಿ ಸುಡುತ್ತಿದ್ದಾರೆ. ಸಲಮಾರ ಬಿಸಿ ಇನ್ನೂ ಆರಿರಲಿಲ್ಲ. 100 ಮಂದಿಯನ್ನು ಆರಿಸಿಕೊಳ್ಳಲು ಬಿಟ್ಟರೆ ಅವರಲ್ಲೊಬ್ಬನನ್ನೂ ಉಳಿಸುವುದಿಲ್ಲವೆಂದರು. ಬೆಂಕಿಯ ಬೆಳಕಿನಲ್ಲಿ ದವಡೆಹಲ್ಲು ಕಾಣುವಷ್ಟು ಪ್ರವಾದಿವರ್ಯರು(ಸ) ನಕ್ಕರು. ಮೇಲುಗೈ ಸಿಕ್ಕಿದ ಮೇಲೆ ಮೃದುವಾಗಿರಬೇಕೆಂದು ಅವರಿಗೆ ತಿಳಿಹೇಳಿದರು. ಬೆನ್ನಟ್ಟುವುದು ಅಲ್ಲಿಗೆ ನಿಂತಿತು.

ಮರುದಿನ ಬೆಳಿಗ್ಗೆ, ಅಂದಿನ ಶ್ರೇಷ್ಠ ಸವಾರ ಅಬೂಕತಾದಾ, ಶ್ರೇಷ್ಠ ಕಾಲಾಳು ಸಲಮಾ ಎಂದು ಪ್ರವಾದಿವರ್ಯರು ಘೋಷಿಸಿದರು. ಪಾಲು ಹಂಚುವಾಗ ಸಲಮಾರಿಗೆ ಕಾಲಾಳಿನ ಪಾಲನ್ನೂ ಸವಾರನ ಪಾಲನ್ನೂ ಕೊಟ್ಟರು. ಸವಾರನಿಗೆ ಹೆಚ್ಚು ಪಾಲಿರುವುದು ಕುದುರೆಯ ಸಲುವಾಗಿ. ಶಾಫಿಈ ಮದ್‌ಹಬ್‌ನಲ್ಲಿ ಸವಾರನಿಗೆ ಒಟ್ಟು ಮೂರು ಪಾಲು, ಇಮಾಮ್ ಅಬೂಹನೀಫಾರ ಅಭಿಪ್ರಾಯದಲ್ಲಿ ಎರಡು. ಸ್ವಂತ ಕುದುರೆ ಇಲ್ಲದವನಿಗೆ, ಕೈಯಲ್ಲಿದ್ದ ಕುದುರೆಯನ್ನೂ ಹಿಂದಕ್ಕೆ ಕಳುಹಿಸಿದವನಿಗೆ ಸವಾರನ ಪಾಲು ಸಿಕ್ಕಿತು! ಅಷ್ಟೇ ಅಲ್ಲ, ಮದೀನಾದ ದಾರಿಯಲ್ಲಿ ಪ್ರವಾದಿವರ್ಯರು ತಮ್ಮ ಅದ್ಬಾ ಎಂಬ ಒಂಟೆಯ ಮೇಲೆ ತಮ್ಮ ಹಿಂದೆಯೇ ಅವರನ್ನು ಕುಳ್ಳಿರಿಸಿಕೊಂಡರು.

ಆ ಗೌರವದ ಆಸನದಿಂದಲೂ ಸಲಮಾ ಕೆಳಗೆ ಹಾರಿದರು. ಓಟದಲ್ಲಿ ಯಾರಿಗೂ ಸೋಲದ ಅನ್ಸಾರಿಯೊಬ್ಬರು ಮದೀನಾದ ತನಕ ಓಡುವವರು ಯಾರಿದ್ದಾರೆಂದು ಕೂಗುತ್ತಲೇ ಇದ್ದರು. ಸಲಮಾ ಪ್ರವಾದಿವರ್ಯರ ಅನುಮತಿ ಪಡೆದು ಇಳಿದರು. ಮೊದಲು ಉಸಿರು ಉಳಿಸಿಕೊಂಡು ಹಿಂದೆಯೇ ಓಡಿ, ಆಮೇಲೆ ವೇಗ ಹೆಚ್ಚಿಸಿ ಹತ್ತಿರ ಬಂದು ಅವರ ಭುಜಗಳ ನಡುವೆ ಒಂದು ಏಟು ಕೊಟ್ಟು ಮುಂದೆ ಹೋದರು. ಗೆದ್ದದ್ದು ಸಲಮಾ.

ಮೂರೇ ರಾತ್ರಿ ಕಳೆದು ಖೈಬರಿನತ್ತ ಹೊರಟರು. ಹುದೈಬಿಯಾದಲ್ಲಿ ಗುರಾಣಿ ಪಡೆದ, ದೂಕರದ್‌ನಲ್ಲಿ ಹಾಲು ತಂದ ಆಮಿರ್(ರ) ಅಲ್ಲಿ ಮರ್ಹಬ್‌ನೊಡನೆ ಹೋರಾಡುವಾಗ ಅವರ ಖಡ್ಗ ಅವರಿಗೇ ತಿರುಗಿ ತಾಗಿ ತೀರಿಕೊಂಡರು. ತನ್ನನ್ನು ತಾನೇ ಕೊಂದುಕೊಂಡ, ಅವನ ಕರ್ಮವೆಲ್ಲ ವ್ಯರ್ಥವಾಯಿತು ಎಂದು ಕೆಲವರು ಆಡಿಕೊಂಡರು. ಸತ್ತವರ ಬಗ್ಗೆ ತೀರ್ಪು ಕೊಡಲು ಜನರಿಗೆ ಎಂದೂ ಅವಸರವೇ. ಸಲಮಾ ಅಳುತ್ತಾ ಪ್ರವಾದಿವರ್ಯರ ಬಳಿ ಬಂದರು. ಹಾಗೆ ಹೇಳಿದವರ ಮಾತು ಸುಳ್ಳೆಂದೂ ಆಮಿರ್‌ರಿಗೆ ಎರಡು ಪಟ್ಟು ಪ್ರತಿಫಲವಿದೆಯೆಂದೂ ಪ್ರವಾದಿವರ್ಯರು ಹೇಳಿದ ಮೇಲೆ ಅವರಿಗೆ ಸಮಾಧಾನವಾಯಿತು. ಕಣ್ಣುನೋವಿನಿಂದ ಬಳಲುತ್ತಿದ್ದ ಅಲೀ(ರ)ರನ್ನು ಕೈಹಿಡಿದು ಪ್ರವಾದಿವರ್ಯರ ಬಳಿಗೆ ನಡೆಸಿಕೊಂಡು ಬಂದವರೂ ಸಲಮಾ ಅವರೇ.

ಒಟ್ಟು ಏಳು ಯುದ್ಧಗಳಲ್ಲಿ ಅವರು ಪ್ರವಾದಿವರ್ಯರ ಜೊತೆಗಿದ್ದರು. ಬೇಟೆಯೂ ಅವರಿಗೆ ಇಷ್ಟ. ಬೇಟೆಗೆ ಹೋದಾಗ ಒಂದೇ ಅಂಗಿಯಲ್ಲಿ ನಮಾಝ್ ಮಾಡಬಹುದೇ ಎಂದು ಕೇಳಿ, ಮಾಡಬಹುದು, ಒಂದು ಮುಳ್ಳಿನಿಂದಾದರೂ ಸರಿ ಅದರ ಕಂಠವನ್ನು ಸೇರಿಸಿಕೊಳ್ಳಬೇಕೆಂಬ ಉತ್ತರ ಪಡೆದವರು ಅವರೇ. ಗುಂಡಿಯೂ ಇಲ್ಲದ ಒಂದೇ ಅಂಗಿಯ ಮನುಷ್ಯ! ಹದೀಸ್ ಕಲಿಯುವವರಿಗೆ ಅವರ ಹೆಸರು ಇನ್ನೊಂದು ಕಾರಣಕ್ಕೆ ಪ್ರಿಯ. ಇಮಾಮ್ ಬುಖಾರಿ ಮತ್ತು ಪ್ರವಾದಿವರ್ಯರ ನಡುವೆ ಕೇವಲ ಮೂವರು ವರದಿಗಾರರಿರುವ ಹದೀಸ್‌ಗಳಲ್ಲಿ ಹೆಚ್ಚಿನವು ಸಲಮಾರಿಂದ ಅವರ ಸೇವಕ ಯಝೀದ್ ಬಿನ್ ಅಬೀಉಬೈದ್‌ರ ಮೂಲಕ ಬಂದಿವೆ. ಸೇವಕನಾಗಿದ್ದವರ ಮಾತನ್ನು ಅವರ ಸೇವಕನೇ ಲೋಕಕ್ಕೆ ತಲುಪಿಸಿದನು.

ಹಿಜ್‌ರಾ 35ರಲ್ಲಿ ಉಸ್ಮಾನ್(ರ) ಕೊಲೆಯಾದಾಗ ಸಲಮಾ ಮದೀನಾ ತೊರೆದು ರಬದಾ ಎಂಬ ಮರುಭೂಮಿಯ ಊರಿಗೆ ಹೋದರು. ಅಲ್ಲಿ ಮದುವೆಯಾದರು, ಮಕ್ಕಳಾದರು. ಮುಸ್ಲಿಮರು ಪರಸ್ಪರ ಖಡ್ಗವೆತ್ತಿದ ಆ ವರ್ಷಗಳಲ್ಲಿ, ಒಂಟಿಯಾಗಿ ಒಂದು ಪಡೆಯನ್ನೇ ಬೆನ್ನಟ್ಟಿದ ಈ ವೀರ ದೂರ ನಿಂತರು. ಅವರ ಹಳೆಯ ಯಜಮಾನ ತಲ್ಹಾ(ರ) ಮರುವರ್ಷವೇ ಜಮಲ್ ಯುದ್ಧದಲ್ಲಿ ಮಡಿದರು. ಹಿಜ್‌ರಾ ಮಾಡಿದವರು ಮತ್ತೆ ಮರುಭೂಮಿಗೆ ಹೋಗಿ ನೆಲೆಸಿದಿರಾ ಎಂದು ಹಜ್ಜಾಜ್ ಆಕ್ಷೇಪಿಸಿದಾಗ, ತನಗೆ ಪ್ರವಾದಿವರ್ಯರೇ ಅದಕ್ಕೆ ಅನುಮತಿ ಕೊಟ್ಟಿದ್ದರೆಂದು ಅಂಜದೆ ಉತ್ತರಿಸಿದರು.

ರಬದಾ ಮಾರ್ಗವಾಗಿ ಹೋಗುತ್ತಿದ್ದ ಕೆಲವು ಪ್ರಯಾಣಿಕರು ಅವರಿಗೆ ಸಲಾಮ್ ಹೇಳಲು ಬಂದರು. ಮುದುಕರಾಗಿದ್ದ ಸಲಮಾ ಕೈ ಹೊರಚಾಚಿ, ಇದೇ ಕೈಗಳಿಂದ ತಾನು ಪ್ರವಾದಿವರ್ಯರಿಗೆ ಬೈಅತ್ ಮಾಡಿದ್ದೆಂದು ತೋರಿಸಿದರು. ಒಂಟೆಯ ಪಾದದಷ್ಟು ದೊಡ್ಡದಾದ ಅಂಗೈ ಅದು. ಬಂದವರು ಎದ್ದು ಆ ಕೈಗೆ ಮುತ್ತಿಟ್ಟರು. ಹಿಜ್‌ರಾ 74ರಲ್ಲಿ, ಮರಣಕ್ಕೆ ಕೆಲವೇ ರಾತ್ರಿಗಳ ಮೊದಲು, ಸಲಮಾ(ರ) ಮದೀನಾಕ್ಕೆ ಹಿಂದಿರುಗಿದರು. ಅಲ್ಲಿಯೇ ಕೊನೆಯುಸಿರೆಳೆದರು.