ರಜೆಗೆ ಬಂದು ಬೆಂಗಳೂರಲ್ಲೇ ಉಳಿದ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅಂದ ಕೂಡಲೇ ನಮಗೆ ನೆನಪಾಗೋದು ಟ್ರಾಂಬೆಯ ರಿಯಾಕ್ಟರು. ಅದಕ್ಕೂ ಮೊದಲು ಅವರು ನಮ್ಮ ಹಾಗೇ ಎಂಜಿನಿಯರಿಂಗ್ ಸ್ಟೂಡೆಂಟು, ಅದೂ ಮನಸ್ಸಿಲ್ಲದ ಸ್ಟೂಡೆಂಟು.

1909ರಲ್ಲಿ ಮುಂಬೈಯಲ್ಲಿ ಹುಟ್ಟಿದ ಭಾಭಾರನ್ನು ಮನೆಯವರು ಕೇಂಬ್ರಿಜ್‌ಗೆ ಕಳಿಸಿದ್ದು ಮೆಕ್ಯಾನಿಕಲ್ ಓದಲಿಕ್ಕೆ. ಆಮೇಲೆ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅನ್ನೋದು ಅಪ್ಪನ ಲೆಕ್ಕಾಚಾರ. ಮಗನ ಜೀವವೆಲ್ಲ ಫಿಸಿಕ್ಸಿನಲ್ಲಿ. ಕೊನೆಗೆ ಅಪ್ಪ ಒಂದು ಷರತ್ತು ಹಾಕಿದರು: ಮೆಕ್ಯಾನಿಕಲ್‌ನಲ್ಲಿ ಫಸ್ಟ್ ಕ್ಲಾಸ್ ಬಂದರೆ ಮುಂದೆ ಗಣಿತ ಓದಿಸುವುದು. 1930ರಲ್ಲಿ ಫಸ್ಟ್ ಕ್ಲಾಸೇ ಬಂತು.

ಆಗ ಭೌತವಿಜ್ಞಾನಿಗಳ ತಲೆ ತಿನ್ನುತ್ತಿದ್ದದ್ದು ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣ. ಅದರಲ್ಲಿ ಎಲೆಕ್ಟ್ರಾನಿನಂಥದ್ದೇ, ಆದರೆ 207 ಪಟ್ಟು ಭಾರದ ಒಂದು ಕಣ ಸಿಕ್ಕಿತ್ತು. ಇವತ್ತು ಅದಕ್ಕೆ ಮ್ಯುವಾನ್ ಅಂತೀವಿ. ಅದರ ಆಯಸ್ಸು ಬರೀ 2.2 ಮೈಕ್ರೋಸೆಕೆಂಡು. ಬೆಳಕಿನ ವೇಗದಲ್ಲಿ ಓಡಿದರೂ ಲೆಕ್ಕದ ಪ್ರಕಾರ 660 ಮೀಟರಿಗೆ ಕಥೆ ಮುಗೀಬೇಕು. ಹುಟ್ಟೋದೋ ಹದಿನೈದು ಕಿಲೋಮೀಟರ್ ಎತ್ತರದಲ್ಲಿ. ಆದರೂ ನೆಲ ಮುಟ್ಟುತ್ತೆ. ಮೂಡಿಗೆರೆ ಕಡೆಯ ದೇವರಮನೆ ಗುಡ್ಡದಲ್ಲಿ ಮಂಜು ನೋಡ್ತಾ ಕೈ ಚಾಚಿದರೆ ಅಂಗೈಯೊಳಗಿಂದ ಸೆಕೆಂಡಿಗೆ ಒಂದೆರಡು ಹಾದುಹೋಗ್ತಾ ಇರುತ್ತವೆ. ಇಂಥ ಕಣ ವೇಗವಾಗಿ ಓಡುವಾಗ ಅದರ ಗಡಿಯಾರ ನಿಧಾನವಾಗಿ, ಆಯಸ್ಸು ಹೆಚ್ಚಬೇಕು, ಐನ್‌ಸ್ಟೈನರ ಸಾಪೇಕ್ಷತೆಗೆ ಇದೇ ನೇರ ಪರೀಕ್ಷೆ ಅಂತ 1938ರಲ್ಲೇ ಬರೆದವರು ಭಾಭಾ. ನಮ್ಮ ಮಟ್ಟಿಗೆ ಅವರ ಅತ್ಯಂತ ಚೆಂದದ ಯೋಚನೆ ಇದೇ. ಮರುವರ್ಷ ಆ ಕಣಕ್ಕೆ ಮೆಸಾನ್ ಅನ್ನೋ ಹೆಸರನ್ನೂ ಸೂಚಿಸಿದರು. ಹೆಸರು ಉಳೀತು, ಆದರೆ ಬೇರೆ ಕಣಗಳ ಪಾಲಾಯ್ತು!

1939ರಲ್ಲಿ ರಜೆಗೆ ಊರಿಗೆ ಬಂದರು, ಯುದ್ಧ ಶುರುವಾಯ್ತು, ವಾಪಸ್ ಹೋಗೋ ದಾರಿ ಬಂದ್. ಹಾಗೆ ಸೇರಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ನಮ್ಮ ಐಐಎಸ್‌ಸಿ. ಭೌತವಿಜ್ಞಾನ ವಿಭಾಗದಲ್ಲಿ ಸಿ.ವಿ. ರಾಮನ್ ಇದ್ದರು. ಪೆನ್ನು ಪೇಪರಿನ ಥಿಯರಿಯವರಾದ ಭಾಭಾ ಇಲ್ಲಿ ಕಾಸ್ಮಿಕ್ ಕಿರಣದ ಘಟಕ ಕಟ್ಟಿ ಉಪಕರಣಕ್ಕೆ ಕೈಹಾಕಿದರು. ಯುದ್ಧಕ್ಕೆ ಬಂದಿದ್ದ ಅಮೆರಿಕದ ಸೇನಾ ವಿಮಾನದಲ್ಲಿ ಕೌಂಟರುಗಳನ್ನು ಸುಮಾರು 30,000 ಅಡಿ ಮೇಲಕ್ಕೆ ಕಳಿಸಿದರು. 1945ರಲ್ಲಿ ಟಿಐಎಫ್‌ಆರ್ ಶುರುವಾದದ್ದೂ ಇದೇ ಕ್ಯಾಂಪಸ್ಸಿನಲ್ಲಿ, ಮುಂಬೈಗೆ ಹೋದದ್ದು ಆಮೇಲೆ. ಮುಂದೆ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಇಳಿಸಿ, ಮ್ಯುವಾನ್ ಎಷ್ಟು ಆಳ ಹೋಗುತ್ತೆ ಅಂತ ಅಳೆಸಿದವರೂ ಭಾಭಾನೇ.

1966ರ ಜನವರಿ 24. ವಿಯೆನ್ನಾಕ್ಕೆ ಸಭೆಗೆ ಹೊರಟಿದ್ದ ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೊಂಬ್ಲಾಂಗೆ ಅಪ್ಪಳಿಸಿತು. 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾರಿಗೆ 56.

ಅವರು ನೋಡದೇ ಹೋದ ಒಂದು ಕೆಲಸವಿದೆ. ಹೈಡ್ರೋಜನ್ನಿನಲ್ಲಿ ಎಲೆಕ್ಟ್ರಾನ್ ತೆಗೆದು ಮ್ಯುವಾನ್ ಕೂರಿಸಿದರೆ ಅದು ಭಾರದ ದೆಸೆಯಿಂದ ಸುಮಾರು 200 ಪಟ್ಟು ಒಳಗೆ, ಪ್ರೋಟಾನಿನ ಮೈಗೆ ಅಂಟಿದಂತೆ ಸುತ್ತುತ್ತೆ. ಆಗ ಪ್ರೋಟಾನಿನ ಗಾತ್ರ ಅದರ ಶಕ್ತಿಮಟ್ಟಗಳನ್ನೇ ಅಲುಗಿಸುತ್ತೆ. ಸರಿಯಾದ ಲೇಸರ್ ಬಿಟ್ಟು ಆ ಅಲುಗಾಟ ಅಳೀಬಹುದು. ಎಲ್ಲವೂ ಆ ಎರಡು ಮೈಕ್ರೋಸೆಕೆಂಡಿನೊಳಗೇ ಆಗಬೇಕು! ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಇನ್‌ಸ್ಟಿಟ್ಯೂಟಿನಲ್ಲಿ ಇದನ್ನು ಮಾಡಿ 2010ರಲ್ಲಿ ಪ್ರಕಟಿಸಿದರು. ಪುಸ್ತಕದಲ್ಲಿದ್ದ ಪ್ರೋಟಾನ್ ತ್ರಿಜ್ಯ 0.877 ಫೆಮ್ಟೋಮೀಟರ್, ಸಿಕ್ಕಿದ್ದು 0.842. ವರ್ಷಗಟ್ಟಲೆ ಜಗಳ ನಡೆದು, ಕೊನೆಗೆ ಪುಸ್ತಕದ ಅಂಕಿಯೇ ಬದಲಾಯ್ತು.